ಕೊಡುವುದು ಯಾರ ಗಂಟಿನಿಂದ? ಸ್ವಾರ್ಥ, ತ್ಯಾಗದ ಮಾತುಗಳನ್ನು ಬರೆದಿಟ್ಟು ಓದುವ ಬಗೆ

ಕಾಲೇಜಿನ ದಿನಗಳಲ್ಲಿ ನನ್ನದೊಂದು ನೋಟ್‌ಬುಕ್ ಇತ್ತು. ಕೂತು ಮಾತಾಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ವೇಷ ಕಟ್ಟಿ ಕುಣಿಯುವ ಆಟದಲ್ಲಿ, ಕಥೆ ಪುಸ್ತಕದಲ್ಲಿ ಯಾವ ಪಾತ್ರದ ಮಾತು ಮನಸ್ಸಿಗೆ ತಾಗಿತೋ ಅದನ್ನು ಬರೆದಿಡುತ್ತಿದ್ದೆ. ಹೆಚ್ಚಿನವು ತ್ಯಾಗದ ಮಾತುಗಳು. ನಡುನಡುವೆ ಸ್ವಾರ್ಥದ ಮಾತುಗಳೂ ಇದ್ದವು, ಅವುಗಳ ಖಾರವೇ ಬೇರೆ ಅಲ್ವಾ? 20 ವರ್ಷ ಕಳೆದ ಮೇಲೆ ಅಟ್ಟದ ಪೆಟ್ಟಿಗೆಯಿಂದ ಅದನ್ನು ತೆಗೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಮಾತುಗಳ ಗುರುತು ನನಗೇ ಸಿಗಲಿಲ್ಲ. 'ಕೊಟ್ಟದ್ದು ನನಗೆ, ಬಚ್ಚಿಟ್ಟದ್ದು ಪರರಿಗೆ' ಅಂತ ಒಂದು ಪುಟದಲ್ಲಿದೆ. ಹೇಳಿದ್ದು ಬಲಿಯೋ, ಕರ್ಣನೋ? ಕೊಡುವ ಮೊದಲೋ, ಕೊಟ್ಟು ಸೋತ ಮೇಲೋ? ಏನೂ ಬರೆದಿಲ್ಲ.

ನನ್ನ ದೊಡ್ಡಪ್ಪ ಆಗಲೇ ಎಚ್ಚರಿಸಿದ್ದರು. ತಾಳಮದ್ದಳೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅವರೇ. ಬರುವ ದಾರಿಯಲ್ಲಿ ನಾನು ಬರೆದದ್ದನ್ನು ಓದಿ ಹೇಳಿದರೆ ಅವರದ್ದು ಒಂದೇ ಪ್ರಶ್ನೆ. "ಮಾತು ಚಂದ ಉಂಟು ಮಾರಾಯ್ತಿ. ಆದ್ರೆ ಯಾರು ಯಾರಿಗೆ ಹೇಳಿದ್ದು? ಅವನ ಕೈಯಿಂದ ಹೋದದ್ದೆಂತ?"

ಈ ಪ್ರಶ್ನೆಯನ್ನೇ ಹಿಡಿದು ಈಗ ಆಟಿಯ, ಅಂದರೆ ಮಳೆಗಾಲದ ತುಳು ತಿಂಗಳಿನ, ಭಾನುವಾರಗಳಲ್ಲಿ ನಮ್ಮ ಜಗಲಿಯಲ್ಲಿ ನೆರೆಕರೆಯ ಮಕ್ಕಳ ಜೊತೆ ಕೂರುತ್ತೇನೆ. ಒಂದೊಂದು ದಿನ ಒಂದೊಂದು ಮಾತು. ನಾವು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನೀವು ಒಬ್ಬರೇ ಮಾಡಬಹುದು, ಮನೆಯವರ ಜೊತೆಗೂ ಮಾಡಬಹುದು.

ಕೇಳಲು ಹೋಗುವಾಗ

ಪತ್ತನಾಜೆ ಬಂತೆಂದರೆ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ಆಟ ಮುಗಿಸುತ್ತವೆ. ಆಮೇಲೆ ಮಳೆಗಾಲ ಪೂರ್ತಿ ತಾಳಮದ್ದಳೆಯ ಕಾಲ. ದೇವಸ್ಥಾನದ ಸಭಾಭವನದಲ್ಲಿ, ಮನೆಯ ಚಾವಡಿಯಲ್ಲಿ, ಉಡುಪಿ, ಮಂಗಳೂರಿನ ದೊಡ್ಡ ಸಭಾಂಗಣಗಳಲ್ಲಿ ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಬಣ್ಣ ಇಲ್ಲ, ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ, ಮದ್ದಳೆ ನುಡಿಯುತ್ತವೆ, ಅರ್ಥಧಾರಿಗಳು ಕೂತಲ್ಲೇ ಪಾತ್ರಗಳಾಗಿ ಮಾತಾಡುತ್ತಾರೆ. ಪದ ಪ್ರಸಂಗದ್ದು, ಅಂದರೆ ಮೊದಲೇ ಬರೆದಿಟ್ಟ ಕಥೆಯದ್ದು. ಮಾತು ಮಾತ್ರ ಆ ರಾತ್ರಿಯದ್ದು. ಇವತ್ತು ಕರ್ಣ ಹೇಳಿದ ಮಾತನ್ನೇ ನಾಳೆ ಇನ್ನೊಬ್ಬರ ಕರ್ಣ ಹೇಳಬೇಕೆಂದಿಲ್ಲ. ಅದಕ್ಕೇ ಬರೆದಿಡಬೇಕು ಅನ್ನುವುದು.

ಸ್ವಾರ್ಥ, ತ್ಯಾಗದ ಮಾತು ಬೇಕಿದ್ದರೆ ಪ್ರಸಂಗ ನೋಡಿ ಹೋಗಿ. ಕರ್ಣಭೇದನ, ಪಾದುಕಾ ಪ್ರದಾನ, ವಾಲಿವಧೆ. ಈ ಮೂರರಲ್ಲಿ ಯಾವುದಿದ್ದರೂ ಬರಿಗೈಯಲ್ಲಿ ಬರುವುದಿಲ್ಲ. ನೋಟ್‌ಬುಕ್ ಸಣ್ಣದಿರಲಿ. ಮಳೆ ಇರುತ್ತದೆ, ಒಂದು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ವ್ಯವಸ್ಥಾಪಕರನ್ನು ಕೇಳಿ. ನಾನಂತೂ ಕೈಯಲ್ಲೇ ಬರೆಯುತ್ತೇನೆ. ರೆಕಾರ್ಡ್ ಆಗುತ್ತಿದೆ ಎಂದಾದರೆ ಕಿವಿ ಸಡಿಲವಾಗುತ್ತದೆ.

ಮಾತಿನ ಜೊತೆ ನಾಲ್ಕು ವಿಷಯ

ಯಾರು ಹೇಳಿದ್ದು, ಯಾರಿಗೆ, ಅದಕ್ಕಿಂತ ಸ್ವಲ್ಪ ಮೊದಲು ಏನಾಗಿತ್ತು, ಆ ಪಾತ್ರದ ಅರ್ಥಧಾರಿ ಯಾರು. ಈ ನಾಲ್ಕನ್ನು ಅಲ್ಲೇ, ಆಗಲೇ ಬರೆಯಿರಿ. ಮನೆಗೆ ಬಂದು ಬರೆಯುತ್ತೇನೆ ಅಂದುಕೊಂಡರೆ ಮಾತು ಉಳಿಯುತ್ತದೆ, ಸಂದರ್ಭ ಹೋಗುತ್ತದೆ. ನನ್ನ ಹಳೆಯ ಪುಸ್ತಕಕ್ಕೆ ಆದದ್ದು ಅದೇ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಕುಮಾರವ್ಯಾಸನ ಕರ್ಣನ ಒಂದು ಮಾತು ತೆಗೆದುಕೊಳ್ಳಿ. 'ಅಕಟಾ ಕುರುಪತಿಗೆ ಕೇಡಾದುದು.' ಇಷ್ಟನ್ನೇ ಬರೆದಿಟ್ಟರೆ ಇದು ಸಾಮಾನ್ಯ ಮಾತು. ಅಯ್ಯೋ, ದುರ್ಯೋಧನನಿಗೆ ಕೇಡು ಬಂತಲ್ಲ, ಅಷ್ಟೇ. ಈಗ ಸಂದರ್ಭ ಸೇರಿಸಿ. ಕೃಷ್ಣ ಆಗಷ್ಟೇ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿದ್ದಾನೆ. ನೀನು ಸೂತನ ಮಗ ಅಲ್ಲ, ಕುಂತಿಯ ಮೊದಲ ಮಗ, ರಾಜ್ಯ ನಿನ್ನದು. ಹುಟ್ಟಿದ ದಿನದಿಂದ ಕುಲದ ಹೆಸರಲ್ಲಿ ಅವಮಾನ ತಿಂದವನಿಗೆ ಇಂಥ ಸುದ್ದಿ ಬಂದಿದೆ. ಅವನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಒತ್ತರಿಸಿ ಬರುತ್ತದೆ. ಆಗ ಮೊದಲು ಬಂದ ಯೋಚನೆ ತನ್ನದಲ್ಲ, ಗೆಳೆಯನದ್ದು. ಇನ್ನು ದುರ್ಯೋಧನನ ಗತಿ ಏನು?

ಇನ್ನೊಂದು ಸಂಗತಿಯನ್ನು ಗಮನಿಸಿ. ಈ ಮಾತನ್ನು ಅವನು ಹೇಳಿದ್ದು 'ತನ್ನ ಮನದೊಳಗೆ.' ಯಾರಿಗೆ ಹೇಳಿದ್ದು ಎಂಬ ಜಾಗದಲ್ಲಿ 'ಯಾರಿಗೂ ಅಲ್ಲ' ಎಂದು ಬರೆಯಬೇಕು. ನನ್ನ ಮಟ್ಟಿಗೆ ಕನ್ನಡದಲ್ಲಿ ನಿಸ್ವಾರ್ಥದ ಮಾತು ಅಂತ ಒಂದನ್ನೇ ಆರಿಸು ಎಂದರೆ ಇದನ್ನೇ ಆರಿಸುತ್ತೇನೆ. ಕೇಳುವವರು ಯಾರೂ ಇಲ್ಲ. ಮೆಚ್ಚುವವರೂ ಇಲ್ಲ.

ಮನೆಮಾತಿಗೆ ತನ್ನಿ

ತಾಳಮದ್ದಳೆಯ ಮಾತಿಗೆ ಸಂಸ್ಕೃತದ ಒಡವೆ ಜಾಸ್ತಿ. ಕೇಳಲು ಚಂದ. ಆದರೆ ಆ ಚಂದದಲ್ಲಿ ಪಾತ್ರ ಏನು ಕೊಟ್ಟಿತು, ಏನು ಬಯಸಿತು ಅನ್ನುವುದು ಮುಚ್ಚಿಹೋಗುತ್ತದೆ. ಅದಕ್ಕೆ ನಾವು ಆ ಮಾತನ್ನು ಮನೆಯಲ್ಲಿ ಆಡುವ ಭಾಷೆಗೆ ಇಳಿಸುತ್ತೇವೆ. ಜಗಲಿಯಲ್ಲಿ ಕೂರುವ ಮಕ್ಕಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲವೂ ಇದೆ. ಪಾದುಕಾ ಪ್ರದಾನದ ಭರತ ಅರ್ಧ ಗಂಟೆ ಮಾತಾಡಿದ್ದು ತುಳುವಿನಲ್ಲಿ ಎರಡೇ ಶಬ್ದ ಆಯಿತು. 'ಎಂಕ್ ಬೊಡ್ಚಿ.' ಕೊಂಕಣಿಯ ಹುಡುಗಿ 'ಮಾಕಾ ನಾಕಾ' ಅಂದಳು. ನನಗೆ ಬೇಡ. ಇಷ್ಟು ಸಣ್ಣದಾಗಿಯೂ ಮಾತು ಗಟ್ಟಿಯಾಗಿಯೇ ಉಳಿಯಿತು, ಯಾಕೆಂದರೆ ಆ 'ಬೇಡ' ಹೇಳಿದ್ದು ಕೋಸಲದ ಸಿಂಹಾಸನಕ್ಕೆ.

ಕೈಕೇಯಿಯ ಮಾತನ್ನೂ ಹೀಗೇ ಇಳಿಸಿ ನೋಡಿ. 'ನನ್ನ ಮಗನಿಗೆ ಸಿಗಲಿ.' ಇದರಲ್ಲಿ ತಪ್ಪೇನು? ಯಾವ ತಾಯಿ ಹೇಳುವುದಿಲ್ಲ? ಮಕ್ಕಳು ಇಲ್ಲಿ ನಿಂತುಬಿಟ್ಟರು. ಕೈಕೇಯಿ ತನಗೆ ಅಂತ ಒಂದು ಬಳೆ ಕೂಡ ಕೇಳಿಲ್ಲ ಅಂತ ಒಬ್ಬ ವಾದಕ್ಕೇ ಇಳಿದ. ಅವನು ಹೇಳಿದ್ದು ಸರಿಯೇ. ಆದರೆ ಅವಳ ವರ ಎರಡು. ಭರತನಿಗೆ ಪಟ್ಟ ಆಗಲಿ ಎಂಬುದು ಒಂದು. ರಾಮ 14 ವರ್ಷ ಕಾಡಿಗೆ ಹೋಗಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಪ್ರೀತಿ ಎಂದು ಒಪ್ಪಬಹುದು. ಎರಡನೆಯದಕ್ಕೆ ಪ್ರೀತಿಯ ಹೆಸರು ಇಡಲು ಆಗುವುದಿಲ್ಲ. ನನ್ನವರು ಉಣ್ಣಲಿ ಎಂಬಲ್ಲಿಂದ ಇನ್ನೊಬ್ಬರ ಎಲೆ ತೆಗೆಯಿರಿ ಎಂಬಲ್ಲಿಗೆ ಮಾತು ದಾಟಿದ ಜಾಗ ಅದು. ಮನೆಮಾತಿಗೆ ತಂದಾಗಲೇ ಆ ಜಾಗ ಕಣ್ಣಿಗೆ ಬೀಳುತ್ತದೆ.

ಎದುರಿನವರನ್ನು ಏನೆಂದು ಕರೆದರು?

ಇದನ್ನು ನಾನು ಕಲಿತದ್ದು ಗೋವಿನ ಹಾಡಿನಿಂದ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಹಾಡು. ಆದರೂ ದೊಡ್ಡವಳಾದ ಮೇಲೆ, ಮಕ್ಕಳಿಗೆ ಹೇಳಿಕೊಡುವಾಗಲೇ ಇದು ಹೊಳೆದದ್ದು.

ಪುಣ್ಯಕೋಟಿ ಹುಲಿಯ ಹತ್ತಿರ ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಕೇಳುತ್ತದೆ. ಹುಲಿಯ ಉತ್ತರ ನೆನಪಿದೆಯಾ? 'ಹಸಿದ ವೇಳೆಗೆ ಸಿಕ್ಕಿದೊಡವೆಯ ವಶವ ಮಾಡದೆ ಬಿಡಲು' ನೀನು ನುಸುಳಿ ಹೋಗುವೆ. ಒಡವೆ! ಮಾತಾಡುತ್ತಾ ನಿಂತಿರುವ, ಮಗುವಿನ ಸುದ್ದಿ ಹೇಳುತ್ತಿರುವ ತಾಯಿ ಹುಲಿಯ ಬಾಯಲ್ಲಿ ಒಂದು ವಸ್ತು. ಹಾಡಿನ ಕೊನೆಗೆ ಬನ್ನಿ. ದನ ಹೇಳಿದಂತೆ ತಿರುಗಿ ಬಂದು ನಿಂತಿದೆ. ಆಗ ಅದೇ ಹುಲಿ ಹೇಳುವುದು 'ಎನ್ನ ಒಡಹುಟ್ಟಕ್ಕ ನೀನು.' ಒಡವೆ ಎಂದ ಬಾಯಿ ಒಡಹುಟ್ಟು ಎಂದಿತು. ಹುಲಿ ಬದಲಾಯಿತು ಅಂತ ಬೇರೆ ವಿವರಣೆ ಯಾಕೆ ಬೇಕು?

ಹಾಗಾಗಿ ಪಾತ್ರ ಎದುರಿನವರನ್ನು ಕರೆದ ಶಬ್ದದ ಕೆಳಗೆ ಗೆರೆ ಎಳೆಯಿರಿ. ಮಾತಿನ ಮೊದಲಿಗೆ ಏನೆಂದು ಕರೆದರು, ಕೊನೆಗೆ ಏನೆಂದು ಕರೆದರು, ಎರಡನ್ನೂ ಬರೆಯಿರಿ. ಸ್ವಾರ್ಥ ಏರುವಾಗ ಎದುರಿನ ಮನುಷ್ಯ ವಸ್ತುವಾಗುತ್ತಾ ಹೋಗುತ್ತಾನೆ. ಮಕ್ಕಳು ಈಗ ಇದನ್ನು ಎಲ್ಲೆಲ್ಲೂ ಹುಡುಕುತ್ತಾರೆ, ಮನೆಯ ಜಗಳದಲ್ಲೂ.

ಗಂಟು ಯಾರದ್ದು?

ದೊಡ್ಡಪ್ಪನ ಪ್ರಶ್ನೆ ಇದು. ಕಷ್ಟದ ಹಂತವೂ ಇದೇ. ಅವಸರ ಮಾಡಬೇಡಿ.

ತ್ಯಾಗದ ಮಾತು ಕೇಳಿದ ಕೂಡಲೇ ನಾವು ಕೊಟ್ಟವನ ಮುಖ ನೋಡುತ್ತೇವೆ. ಆ ತ್ಯಾಗಕ್ಕೆ ಬೆಲೆ ತೆತ್ತವರು ಬೇರೆ ಯಾರಾದರೂ ಇದ್ದಾರಾ ಅಂತ ನೋಡುವುದಿಲ್ಲ. ಪುಣ್ಯಕೋಟಿ 'ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ' ಎನ್ನುವಾಗ ನಮ್ಮ ಕಣ್ಣು ತುಂಬುತ್ತದೆ. ಆದರೆ ಅದೇ ಹಾಡಿನಲ್ಲಿ ಕರು ಕೇಳುತ್ತದೆ, 'ಆರ ಮೊಲೆಯನು ಕುಡಿಯಲಮ್ಮ, ಆರ ಬಳಿಯಲಿ ಮಲಗಲಮ್ಮ.' ತಾಯಿ ಪ್ರಾಣ ಕೊಡುತ್ತಾಳೆ, ನಿಜ. ಆದರೆ ತಬ್ಬಲಿ ಆಗುವುದು ಕರು. ಅದನ್ನು ಯಾರೂ ಕೇಳಿಲ್ಲ.

ಇದರಿಂದ ಪುಣ್ಯಕೋಟಿ ಸಣ್ಣದಾಯಿತು ಅಂತ ನಾನು ಹೇಳುತ್ತಿಲ್ಲ. ಹಾಡು ಕಟ್ಟಿದವರು ಆ ಕರುವನ್ನು ಮರೆತಿಲ್ಲ. ಪುಣ್ಯಕೋಟಿ ದೊಡ್ಡಿಯ ಅಕ್ಕತಂಗಿಯರನ್ನೆಲ್ಲ ಕರೆದು 'ನಿಮ್ಮ ಕಂದನೆಂದು ಕಾಣಿರಿ' ಅಂತ ಬೇಡಿಕೊಳ್ಳುತ್ತದೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ತನ್ನ ಮಾತಿನ ಸಾಲ ಮಗುವಿನ ತಲೆಯ ಮೇಲೆ ಬೀಳುತ್ತದೆ ಅಂತ ಅದಕ್ಕೆ ಗೊತ್ತು. ಗೊತ್ತಿದ್ದು, ಹೊರಡುವ ಮೊದಲು ಮಗುವಿಗೆ ಒಂದು ದಾರಿ ಮಾಡುತ್ತದೆ. ನನಗೆ ಈಗ ಹಾಡಿನ ಅತಿ ದೊಡ್ಡ ತ್ಯಾಗದ ಮಾತು ಇದೇ ಅನ್ನಿಸುತ್ತದೆ, ಸತ್ಯದ ಸಾಲುಗಳಿಗಿಂತಲೂ.

ನೋಟ್‌ಬುಕ್ಕಿನಲ್ಲಿ ಮಾತಿನ ಕೆಳಗೆ ಎರಡು ಸಾಲು ಬಿಡಿ. 'ಕೊಟ್ಟವರು' ಅಂತ ಒಂದು. 'ತೆತ್ತವರು' ಅಂತ ಇನ್ನೊಂದು. ಎರಡರಲ್ಲೂ ಒಂದೇ ಹೆಸರು ಬಂದರೆ ಸರಿ. ಬೇರೆ ಬೇರೆ ಬಂದರೆ ಆ ಪುಟಕ್ಕೆ ಇನ್ನೊಮ್ಮೆ ಬನ್ನಿ. ಯಯಾತಿಯ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮುದಿತನದ ಶಾಪ ಬಿದ್ದದ್ದು ಯಯಾತಿಗೆ. ಅವನು ಮಕ್ಕಳ ಹತ್ತಿರ ಯೌವನ ಕೇಳುತ್ತಾನೆ. ಯದು, ತುರ್ವಸು, ದ್ರುಹ್ಯು, ಅನು ನಾಲ್ವರೂ ಇಲ್ಲ ಎನ್ನುತ್ತಾರೆ. ಕೊನೆಯವನು ಪೂರು ಕೊಡುತ್ತಾನೆ. ಸಾವಿರ ವರ್ಷ ಸುಖಪಟ್ಟ ಮೇಲೆ ಯಯಾತಿ ಹೇಳುವ ಮಾತು ಪ್ರಸಿದ್ಧ. ಆಸೆ ಅನುಭವಿಸಿದರೆ ಆರುವುದಿಲ್ಲ, ತುಪ್ಪ ಹೊಯ್ದ ಬೆಂಕಿಯ ಹಾಗೆ ಇನ್ನೂ ಏಳುತ್ತದೆ. ದೊಡ್ಡ ಮಾತು, ಅನುಮಾನವೇ ಇಲ್ಲ. ಆದರೆ ಆ ಬುದ್ಧಿ ಬರಲು ಖರ್ಚಾದದ್ದು ಪೂರುವಿನ ಯೌವನ. 'ತೆತ್ತವರು' ಎಂಬ ಸಾಲಿನಲ್ಲಿ ಅವನ ಹೆಸರು ಬರೆಯದೆ ಯಯಾತಿಯ ವೈರಾಗ್ಯವನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಬದಲಿಗೆ ಏನು ಸಿಕ್ಕಿತು?

ಮತ್ತೆ ಕರ್ಣನ ಹತ್ತಿರ ಬರೋಣ. ಕವಚ ಕುಂಡಲದ ಕಥೆ ಎಲ್ಲರಿಗೂ ಗೊತ್ತು. ವ್ಯಾಸ ಭಾರತದ ವನಪರ್ವದಲ್ಲಿ ಅದಕ್ಕೆ ಮೊದಲು ಒಂದು ಭಾಗ ಇದೆ. ಸೂರ್ಯ ಕರ್ಣನ ಕನಸಿನಲ್ಲಿ ಬಂದು ಎಚ್ಚರಿಸುತ್ತಾನೆ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬರುತ್ತಾನೆ, ಕೊಡಬೇಡ. ಕರ್ಣ ಒಪ್ಪುವುದಿಲ್ಲ. ನನಗೆ ಪ್ರಾಣಕ್ಕಿಂತ ಕೀರ್ತಿ ದೊಡ್ಡದು ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಹಾಗಾದರೆ ಬದಲಿಗೆ ಶಕ್ತ್ಯಾಯುಧವನ್ನಾದರೂ ಕೇಳು ಅಂತ ಸೂರ್ಯ ಹೇಳಿಕೊಡುತ್ತಾನೆ. ಕರ್ಣ ಕೇಳುತ್ತಾನೆ, ಇಂದ್ರ ಕೊಡುತ್ತಾನೆ. ಅದು ಒಬ್ಬನ ಮೇಲೆ ಒಮ್ಮೆ ಮಾತ್ರ ನಡೆಯುವ ಆಯುಧ. ಅರ್ಜುನನಿಗೆ ಅಂತ ಇಟ್ಟದ್ದು ಕೊನೆಗೆ ಘಟೋತ್ಕಚನ ಮೇಲೆ ಹೋಯಿತು.

ಈ ದಾನದ ಬದಿಯಲ್ಲಿ ಎರಡು ಲಾಭ ಬರೆಯಬೇಕಾಗುತ್ತದೆ, ಕೀರ್ತಿ ಮತ್ತು ಆಯುಧ. ಹಾಗಾದರೆ ಇದು ತ್ಯಾಗ ಅಲ್ವಾ? ಇದು ತ್ಯಾಗವೇ ಅನ್ನುವುದು ನನ್ನ ಅಭಿಪ್ರಾಯ. ಮೈಯ ಜೊತೆ ಹುಟ್ಟಿದ ಕವಚವನ್ನು ಕಿತ್ತು ಕೊಟ್ಟವನ ಎದುರು ಲೆಕ್ಕದ ಪುಸ್ತಕ ಹಿಡಿದು ಕೂತರೆ ನಾವು ಸಣ್ಣವರಾಗುತ್ತೇವೆ. ಆದರೂ ಮನದೊಳಗೆ ಹೇಳಿಕೊಂಡ ಆ ಮಾತಿಗೂ, ಕೀರ್ತಿಗಾಗಿ ಕೊಡುತ್ತೇನೆ ಎಂಬ ಈ ಮಾತಿಗೂ ಒಂದು ಅಂತರ ಇದೆ. ಎರಡನ್ನೂ ಎದುರೆದುರು ಪುಟದಲ್ಲಿ ಬರೆದರೆ ಅದು ಕಾಣುತ್ತದೆ. ಒಂದೇ ಪಾತ್ರ ಎರಡು ಬಗೆಯಲ್ಲಿ ಕೊಡುತ್ತದೆ. ಹಾಗಾಗಿ ಪಾತ್ರಕ್ಕೆ ಸ್ವಾರ್ಥಿ, ನಿಸ್ವಾರ್ಥಿ ಅಂತ ಚೀಟಿ ಅಂಟಿಸಬೇಡಿ. ಮಾತಿಗೆ ಮಾತ್ರ ಅಂಟಿಸಿ, ಅದೂ ಪೆನ್ಸಿಲಿನಲ್ಲಿ.

ಉದ್ಯೋಗಪರ್ವದಲ್ಲಿ ಕುಂತಿ ಗಂಗೆಯ ದಡಕ್ಕೆ ಬಂದಾಗಲೂ ಹಾಗೇ. ನೀನು ತಾಯಿಯಂತೆ ನಡೆದುಕೊಳ್ಳಲಿಲ್ಲ, ಈಗ ಬಂದದ್ದು ಬರೀ ನಿನ್ನ ಹಿತಕ್ಕೆ ಅಂತ ಕರ್ಣ ಮುಖಕ್ಕೆ ಹೇಳುತ್ತಾನೆ. ಸ್ವಾರ್ಥ ಎಂದು ತಾಯಿಯನ್ನೇ ದೂರಿದ ಬಾಯಲ್ಲಿ ಮುಂದೆ ಬರುವುದು ಮಾತು ಕೊಡುವ ಮಾತು. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ, ನಿನಗೆ ಐದು ಮಕ್ಕಳು ಉಳಿಯುತ್ತಾರೆ, ನಾನು ಹೋದರೆ ಅರ್ಜುನ, ಅವನು ಹೋದರೆ ನಾನು. ಇಲ್ಲಿ 'ಬದಲಿಗೆ ಏನು ಸಿಕ್ಕಿತು' ಎಂಬ ಜಾಗ ಖಾಲಿ.

ಸ್ವಾರ್ಥಿಯ ಪರ ಮಾತಾಡಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಉಪದೇಶ ಆಗಿಬಿಡುತ್ತದೆ. ನಮ್ಮ ತಾಳಮದ್ದಳೆಯ ದೊಡ್ಡತನ ಇರುವುದೇ ಇಲ್ಲಿ. ವಾಲಿ, ರಾವಣ, ಮಾಗಧ (ಜರಾಸಂಧ) ಇಂಥವರಿಗೂ ಪೂರ್ತಿ ಬಾಯಿ ಕೊಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ಈ ಪಾತ್ರಗಳಿಗೆ ಹೆಸರಾದವರು. ಆ ಪಾತ್ರಗಳ ವಾದ ಕೇಳಲಿಕ್ಕೇ ಜನ ಬರುತ್ತಿದ್ದರು.

ಒಬ್ಬರು ಸ್ವಾರ್ಥದ ಪಾತ್ರ ಆಗಲಿ. ಐದು ನಿಮಿಷ ಕೊಡಿ. ಅವರು ನಾಚಿಕೆ ಪಡದೆ, ತಮಾಷೆ ಮಾಡದೆ, ನಿಜವಾಗಿ ನಂಬಿ ವಾದಿಸಬೇಕು. ಎದುರಿನವರು ಪ್ರಶ್ನೆ ಕೇಳಬಹುದು, ಬೈಯುವ ಹಾಗಿಲ್ಲ. ಕಳೆದ ವರ್ಷ ನಾವು ಯದುವನ್ನು ತೆಗೆದುಕೊಂಡೆವು. ತಂದೆಗೆ ಯೌವನ ಕೊಡುವುದಿಲ್ಲ ಅಂದವನು. ಮಕ್ಕಳು ಮೊದಲು ಅವನನ್ನು ಸ್ವಾರ್ಥಿ ಎಂದಿದ್ದರು. ಐದು ನಿಮಿಷ ಮುಗಿಯುವಾಗ ಅರ್ಧ ಜನ ಅವನ ಕಡೆಗೆ ಬಂದಿದ್ದರು. 'ಇಲ್ಲ' ಎನ್ನುವುದೆಲ್ಲ ಸ್ವಾರ್ಥ ಅಲ್ಲ ಅಂತ ಅವರಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಹೆಣ್ಣುಮಕ್ಕಳಿಗೆ ಇದು ಬೇಗ ಅರ್ಥವಾಯಿತು. ತ್ಯಾಗ ಮಾಡು ಅಂತ ಮನೆಯಲ್ಲಿ ಹೆಚ್ಚು ಕೇಳುವವರು ಅವರೇ ಅಲ್ವಾ?

ಎಷ್ಟು ವಾದಿಸಿದರೂ ನಿಲ್ಲದ ಮಾತುಗಳೂ ಇವೆ. ಕಾರ್ಕಳದ ಅರಸನದ್ದು ಅಂಥದ್ದು. ತುಳುವಿನ ಜನಪದ ಕಥನ ಹಾಡಾದ ಪಾಡ್ದನದ ಪ್ರಕಾರ ಗೊಮ್ಮಟನನ್ನು ಕೆತ್ತಿದ ಕಲ್ಕುಡ ಇನ್ನೆಲ್ಲೂ ಇಂಥದ್ದು ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಉಳಿದ ಕೈಯಲ್ಲೇ ವೇಣೂರಿನಲ್ಲಿ ಇನ್ನೊಂದನ್ನು ಕೆತ್ತಿದ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ಪಾಡ್ದನ ಈ 172 ವರ್ಷಗಳನ್ನು ಒಬ್ಬನೇ ಮನುಷ್ಯನ ನೋವಿನಲ್ಲಿ ದಾಟಿಬಿಡುತ್ತದೆ. ಒಂದು ಮಾತು ನೆನಪಿರಲಿ. ಕಲ್ಕುಡ ನಮಗೆ ದೈವ, ಕಥೆಯ ಪಾತ್ರ ಅಲ್ಲ. ಹಾಗಾಗಿ ಅವನ ಬಾಯಿಂದ ನಾವು ಮಾತು ಆಡಿಸುವುದಿಲ್ಲ. ಅರಸನ ಮಾತನ್ನು ಮಾತ್ರ ತೆಗೆದುಕೊಳ್ಳುತ್ತೇವೆ. 'ನನ್ನ ಹತ್ತಿರ ಇರಲಿ' ಎಂಬುದಕ್ಕೂ 'ಬೇರೆಯವರ ಹತ್ತಿರ ಇರಬಾರದು' ಎಂಬುದಕ್ಕೂ ಇರುವ ದೂರವನ್ನು ತೋರಿಸಲು ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಸಿಕ್ಕಿಲ್ಲ. ರಜೆಯಲ್ಲಿ ಮಕ್ಕಳನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗಿ, ಆ 42 ಅಡಿಯ ಮೂರ್ತಿಯ ಕೆಳಗೆ ನಿಂತು ಈ ಕಥೆ ಹೇಳಿ.

ಪುಟದ ಕೆಳಗೆ ಜಾಗ ಬಿಡಿ

ಒಂದು ಮಾತಿಗೆ ಒಂದು ಪುಟ ಸಾಕು, ಆದರೆ ಪೂರ್ತಿ ತುಂಬಿಸಬೇಡಿ. ಕೆಳಗಿನ ಅರ್ಧ ಖಾಲಿ ಇರಲಿ. ಮುಂದಿನ ಆಟಿಯಲ್ಲಿ ಅದೇ ಪ್ರಸಂಗ ಬೇರೆ ಅರ್ಥಧಾರಿಯದ್ದು ಸಿಕ್ಕಿದರೆ ಅದೇ ಜಾಗದಲ್ಲಿ ಅವರು ಏನು ಹೇಳಿದರು ಅಂತ ಅಲ್ಲಿ ಬರೆಯಿರಿ. ನನ್ನ ಈಗಿನ ಪುಸ್ತಕದಲ್ಲಿ ಕರ್ಣಭೇದನದ ಪುಟಕ್ಕೆ ಮೂವರು ಕರ್ಣರು ಬಂದಿದ್ದಾರೆ. ಒಬ್ಬರು ಕೃಷ್ಣನ ಮಾತು ಕೇಳಿ ನಕ್ಕರು. ಒಬ್ಬರು ಸಿಟ್ಟಾದರು. ಮೂರನೆಯವರು ಪದ ಮುಗಿದ ಮೇಲೆ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆ ಜಾಗದಲ್ಲಿ ನಾನು ಒಂದು ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿದ್ದೇನೆ.